ಭತ್ತವನ್ನು ಮನೆಗೆ ಕರೆಯುವ ಕಸಿರಾ

ಜಾವಾದ ಸುಂಬರ್‌ಸೆಪಿ ಎಂಬ ಈ ಹಳ್ಳಿಯಲ್ಲಿ ಶ್ರೀ ಎಂಬ ಹೆಸರಿನ ಹೆಂಗಸು ಒಬ್ಬಳೂ ಇಲ್ಲ. ಸೆಮಾರಾಂಗ್ ನಗರದಲ್ಲಿ ನಾನು ಓದಿದ ಶಾಲೆಯಲ್ಲಿ ಟೀಚರು "ಶ್ರೀ" ಎಂದು ಕೂಗಿದರೆ ಅರ್ಧ ತರಗತಿ ತಲೆಯೆತ್ತುತ್ತಿತ್ತು. ನನ್ನ ಅಮ್ಮನ ಹೆಸರೂ ಶ್ರೀ. ಮದುವೆಯಾಗಿ ಈ ಊರಿಗೆ ಬಂದು ಮಗಳು ಹುಟ್ಟಿದಾಗ, ತೀರಿಹೋದ ಅಮ್ಮನ ಹೆಸರನ್ನೇ ಅವಳಿಗೆ ಇಟ್ಟೆ. ಹೆಸರು ಹೇಳಿದಾಗ ಬಂದವರಿಗೆ ತಿಂಡಿ ಕೊಡುತ್ತಿದ್ದ ಅತ್ತೆಯ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಈ ಊರಿನವರು ಬೇಡ ಎಂದು ಬಾಯಿಬಿಟ್ಟು ಹೇಳುವವರಲ್ಲ. ಸುಮ್ಮನಾಗಿಬಿಡುತ್ತಾರೆ, ಉಳಿದದ್ದನ್ನು ನಾವೇ ತಿಳಿದುಕೊಳ್ಳಬೇಕು.

ಆ ಹೆಸರಿನಿಂದ ಮಗಳನ್ನು ಕರೆಯುತ್ತಿದ್ದವಳು ನಾನೊಬ್ಬಳೇ. ಅತ್ತೆಗೆ ಅವಳು ಕೂಸು, ನನ್ನ ಗಂಡ ಹರ್ಯಾದಿಗೆ ಪುಟ್ಟಿ, ಬೀದಿಯವರಿಗೆಲ್ಲ "ಹರ್ಯಾದಿ ಮಗಳು". ನನ್ನ ಅಮ್ಮನ ಹೆಸರು ಇವರ ನಾಲಿಗೆಗೆ ಕಹಿಯೇ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಅದಕ್ಕೆಲ್ಲ ಬುಧೆ ಕಸಿರಾ ಕಾರಣ ಎಂದು ಗೊತ್ತಾಗಲು ತುಂಬ ದಿನ ಹಿಡಿಯಿತು.

ಬುಧೆ ಎಂದರೆ ದೊಡ್ಡಮ್ಮ. ಗಂಡ ಸತ್ತು ಒಂಟಿಯಾಗಿರುವ ಕಸಿರಾ ಊರಿಗೆಲ್ಲ ದೊಡ್ಡಮ್ಮನೇ. ನಮ್ಮ ಹಿತ್ತಿಲಿನ ಬಿದಿರುಮೆಳೆಯ ಆಚೆಗೆ ಅವರ ಮನೆ. ಸೋಯಾ ಕಾಳು ಬೇಯಿಸಿ, ಹುದುಗು ಹಾಕಿ, ಬಾಳೆಲೆಯಲ್ಲಿ ಕಟ್ಟಿ ಟೆಂಪೆ ಮಾರುತ್ತಾರೆ. ನಾಟಿಯ ಕಾಲದಲ್ಲಿ ಹೆಂಗಸರ ಸಾಲಿನ ತುದಿಗೆ ನಿಂತು, ಕೆಸರಿನಲ್ಲಿ ಹಿಂದಹಿಂದಕ್ಕೆ ಹೆಜ್ಜೆಯಿಡುತ್ತಾ ಸಸಿ ಊರುತ್ತಾರೆ. ಸಂಜೆಯಾದರೆ ನಮ್ಮ ಮನೆಗೆ ಬಂದು ಟೀವಿಯ ಮುಂದೆ ಕೂರುತ್ತಾರೆ. ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ವಿಷ ಹಾಕಿದರೆ ಅವರು ಅತ್ತೆಯ ಕಡೆ.

"ಆ ಹುಡುಗಿ ಮೂತಿ ನೋಡಿದ್ರೆ ನಂಗೇ ವಿಷ ಹಾಕ್ಬೇಕು ಅನ್ಸುತ್ತೆ ಕಣೇ," ಎಂದು ನನ್ನತ್ತ ತಿರುಗುತ್ತಾರೆ. "ನಿನ್ನತ್ತೆ ಒಳ್ಳೇವ್ಳು. ಇಷ್ಟು ದಿನ ಸುಮ್ನಿದಾಳೆ."

ಅತ್ತೆ ಅಡುಗೆಮನೆಯಿಂದಲೇ, "ವಿಷಕ್ಕೂ ರೇಟು ಜಾಸ್ತಿ ಆಗಿದೆ ಬಿಡು," ಎನ್ನುತ್ತಾರೆ. ಇಬ್ಬರೂ ನಗುತ್ತಾರೆ. ನಾನು ಆ ದಿನ ಮಾಡಿದ ಸಾರನ್ನು ಇನ್ನೊಮ್ಮೆ ನೆನೆದು, ಉಪ್ಪು ಹೆಚ್ಚಾಗಿತ್ತೇ ಎಂದು ಕಳವಳಪಡುತ್ತೇನೆ.

ನಮ್ಮ ಜಾವಾದಲ್ಲಿ ದೊಡ್ಡವರೊಡನೆ ಆಡುವ ಮಾತೇ ಬೇರೆ, ಸರೀಕರೊಡನೆ ಆಡುವ ಮಾತೇ ಬೇರೆ. ಬುಧೆ ಕಸಿರಾಗೆ ಈ ಭೇದವೇ ಇಲ್ಲ ಎಂದು ನಾನು ತಿಳಿದಿದ್ದೆ. ಊರ ಮುಖ್ಯಸ್ಥರನ್ನೇ ನಡುಬೀದಿಯಲ್ಲಿ ನಿಲ್ಲಿಸಿ, "ಏಯ್, ಕಾಲುವೆ ಹೂಳು ತೆಗೆಸ್ತೀಯೋ, ಇಲ್ಲಾ ನಿನ್ನನ್ನೇ ಇಳಿಸ್ಲೋ?" ಎಂದವರು ಅವರು. ಆದರೆ ಬದುವಿನ ಮೇಲೆ ಕಾಲಿಟ್ಟ ಕೂಡಲೇ ಅವರ ಮಾತು ಬದಲಾಗುತ್ತದೆ. ಭತ್ತದ ಪೈರಿನ ಎದುರು ಬಾಗಿ, ಅರಮನೆಯ ಹೆಂಗಸರಾಡುವ ಭಾಷೆಯಲ್ಲಿ ಮೆಲ್ಲಗೆ ಮಾತಾಡುತ್ತಾರೆ. ನಾನು ಮೊದಲ ಸಲ ಕೇಳಿದಾಗ ಯಾರೋ ಬೇರೆಯವರು ಅವರ ಬಾಯಿಂದ ಮಾತಾಡುತ್ತಿದ್ದಾರೆ ಅನ್ನಿಸಿ ಮೈ ಜುಮ್ಮೆಂದಿತ್ತು.

ಪೈರು ಒಡಲಲ್ಲಿ ತೆನೆ ತುಂಬಿಕೊಂಡು ಹೊಡೆಗೆ ಬಂದ ದಿನಗಳಲ್ಲಿ ಅವರು ನನ್ನನ್ನೂ ಗದ್ದೆಗೆ ಕರೆದುಕೊಂಡು ಹೋದರು. ಮಗಳು ನನ್ನ ಸೊಂಟದ ಮೇಲಿದ್ದಳು. ಬುಧೆಯ ತಟ್ಟೆಯಲ್ಲಿ ಮಾವಿನಕಾಯಿ, ಮೆಣಸಿನಕಾಯಿ, ಬೆಲ್ಲ ಕುಟ್ಟಿ ಕಲಸಿದ ಹುಳಿ ಇತ್ತು. ಜೊತೆಗೆ ಬಾಚಣಿಗೆ, ಸಣ್ಣ ಕನ್ನಡಿ, ಮುಖಕ್ಕೆ ಹಚ್ಚುವ ಪೌಡರು.

"ಇದೆಲ್ಲ ಯಾಕೆ ಬುಧೆ?"

"ಬಸುರಿಗೆ ಹುಳಿ ಬೇಡ್ವಾ? ಒಂಚೂರು ಸಿಂಗಾರ ಬೇಡ್ವಾ?"

ಪೈರಿನ ನಡುವೆ ತಟ್ಟೆ ಇಟ್ಟು ಅವರು ಪೌಡರನ್ನು ಗಾಳಿಗೆ ಚಿಮುಕಿಸಿದರು. ನನ್ನ ಮಗಳಿಗೆ ನಾನು ಹಚ್ಚುವುದೂ ಅದೇ ಪೌಡರು. ಒಂದು ಕ್ಷಣ ಇಡೀ ಗದ್ದೆಯೇ ಆಗಷ್ಟೇ ಮಿಂದ ಮಗುವಿನಂತೆ ಘಮಗುಟ್ಟಿತು. ಮಗಳು ಆ ಕಡೆ ಎರಡೂ ಕೈ ಚಾಚಿ ಬಾಗಿದಳು. ಬೀಳುತ್ತಾಳೆಂದು ಹೆದರಿ, "ಶ್ರೀ!" ಎಂದು ಗದರಿದೆ.

ಗಾಳಿಯಿರಲಿಲ್ಲ. ಆದರೂ ಪೈರು ನಮ್ಮ ಕಡೆಗೆ ಒಮ್ಮೆ ವಾಲಿ, ಹಾಗೇ ನೆಟ್ಟಗಾಯಿತು.

ಬುಧೆ ನಿಧಾನವಾಗಿ ತಿರುಗಿದರು. "ಇಲ್ಲಿ ಆ ಹೆಸ್ರು ಹಿಡಿದು ಕೂಗ್ಬೇಡ ಕಣಮ್ಮಾ. ಒಂದೇ ಮನೇಲಿ ಇಬ್ರಿಗೆ ಒಂದೇ ಹೆಸ್ರಿದ್ರೆ, ಕರ್ದಾಗ ಯಾರು ಬರ್ತಾರೆ ಹೇಳು?" ಎಂದು ಎಲೆಯಡಿಕೆಯಿಂದ ಕೆಂಪಾದ ಹಲ್ಲು ತೋರಿಸಿ ನಕ್ಕರು. ಹಾಗೆ ನನಗೆ ತಿಳಿಯಿತು. ಭತ್ತದ ತಾಯಿಯ ಹೆಸರು ಶ್ರೀ ಎಂಬುದು ಜಾವಾದ ಮಕ್ಕಳಿಗೆಲ್ಲ ಗೊತ್ತು. ಈ ಊರಲ್ಲಿ ಮಾತ್ರ ಆ ಹೆಸರನ್ನು ಅವಳಿಗೊಬ್ಬಳಿಗೇ ಬಿಟ್ಟುಕೊಟ್ಟಿದ್ದಾರೆ.

ನನಗೆ ಆಗ ಇದಕ್ಕಿಂತ ದೊಡ್ಡ ಚಿಂತೆ ಇತ್ತು. ಎರಡು ತುಂಬಿದ ಮೇಲೂ ಮಗಳು ಒಂದು ಮಾತಾಡಿರಲಿಲ್ಲ. ಅಮ್ಮ ಎಂದೂ ಅನ್ನಲಿಲ್ಲ. ಮೊಬೈಲಿನಲ್ಲಿ ಕಂಡದ್ದೆಲ್ಲ ಓದಿ, ಅವಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ, ಕಿವಿ ಕೇಳುತ್ತದೆಯೇ ಎಂದು ನೋಡುತ್ತಿದ್ದೆ. ಪೇಟೆಯ ಡಾಕ್ಟರು, ಕಾಯಿರಿ ಎಂದಿದ್ದರು. ಕಾಯುವುದು ನನಗೆ ಬರುವುದಿಲ್ಲ.

ಕೊಯ್ಲಿನ ಹಿಂದಿನ ಸಂಜೆ ಬುಧೆ ಕಸಿರಾ ಒಬ್ಬರೇ ಗದ್ದೆಗೆ ಇಳಿಯುತ್ತಾರೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಕತ್ತಿ ಅವರದು. ಭತ್ತ ಬೆಚ್ಚಬಾರದೆಂದು ತೆನೆಗಳನ್ನು ಒಂದೊಂದಾಗಿ ಕೊಯ್ದು, ಕಟ್ಟಿ, ಮಗುವನ್ನು ಹೊರುವ ಹೆಗಲ ಬಟ್ಟೆಯಲ್ಲಿ ಸೊಂಟಕ್ಕೆ ಏರಿಸಿಕೊಂಡು, ಹೆಸರು ಕರೆಯುತ್ತಾ ಕಣಜಕ್ಕೆ ತರುತ್ತಾರೆ. ಆ ಹೊತ್ತಿನಲ್ಲಿ ಊರು ಬಾಗಿಲು ತೆರೆದಿಟ್ಟು ಸುಮ್ಮನೆ ಕೂರುತ್ತದೆ. ಯಾರೂ ಯಾರನ್ನೂ ಕರೆಯುವಂತಿಲ್ಲ, ಯಾರೂ ಓಗೊಡುವಂತಿಲ್ಲ. ಬುಧೆ ದಾರಿಯಲ್ಲಿ ನಿಲ್ಲುವಂತಿಲ್ಲ.

ನಾವು ಜಗಲಿಯಲ್ಲಿ ಕೂತಿದ್ದೆವು. ಸೂರ್ಯ ಬಿದಿರಿನ ಹಿಂದೆ ಇಳಿದಿದ್ದ. ಗದ್ದೆಯ ಕಡೆಯಿಂದ ಕೂಗು ಬಂತು, ದೊಡ್ಡದಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸುವಷ್ಟು.

"ಶ್ರೀ... ಮನೆಗೆ ಬನ್ನಿ ತಾಯಿ."

ನನ್ನ ಮಗಳು ಎದ್ದು ನಿಂತಳು. ಕಾಲು ಜೋಡಿಸಿ, ತಲೆ ಕೊಂಚ ಬಾಗಿಸಿ, ಸ್ಪಷ್ಟವಾಗಿ ಹೇಳಿದಳು:

"ದಲೆಮ್."

ಹಿರಿಯರು ಕರೆದಾಗ ವಿನಯದಿಂದ ಓಗೊಡುವ ಮಾತು ಅದು. ಒಳ್ಳೆಯ ಮನೆತನದಲ್ಲಿ ಬೆಳೆದ ದೊಡ್ಡ ಹುಡುಗಿಯರು ಆಡುವ ಮಾತು. ನಮ್ಮ ಮನೆಯಲ್ಲಿ ಯಾರೂ ಅವಳಿಗೆ ಕಲಿಸಿರಲಿಲ್ಲ. ನನಗಾದದ್ದು ಮೊದಲು ಸಂತೋಷ, ಸುಳ್ಳು ಯಾಕೆ ಹೇಳಲಿ. ಮಗಳು ಮಾತಾಡಿದಳು! ಅವಳನ್ನು ಎತ್ತಿಕೊಳ್ಳಲು ಹೋದವಳು ಅತ್ತೆಯ ಮುಖ ನೋಡಿ ಅಲ್ಲೇ ನಿಂತೆ. ದೂರದ ಬದುವಿನ ಮೇಲೆ ಬುಧೆಯೂ ನಿಂತುಬಿಟ್ಟಿದ್ದರು. ಆಮೇಲೆ ನಡೆದು ನಮ್ಮ ಮುಂದೆಯೇ ಹಾದುಹೋದರು. ಸೊಂಟದ ಬಟ್ಟೆ ಚಪ್ಪಟೆಯಾಗಿತ್ತು, ಒಳಗೆ ತೆನೆಯೇ ಇಲ್ಲದಂತೆ.

ಮರುದಿನದಿಂದ ಮಗಳು ಅನ್ನ ಮುಟ್ಟಲಿಲ್ಲ. ಹಬೆಯಾಡುವ ಅನ್ನದ ಬುಟ್ಟಿ ತೆರೆದರೆ ಸಾಕು, ಮೈಸುಟ್ಟವಳಂತೆ ಕಿರುಚುತ್ತಿದ್ದಳು. ಮರಗೆಣಸು ಕೊಟ್ಟೆ, ಆಲೂಗಡ್ಡೆ ಕೊಟ್ಟೆ, ಪೇಟೆಯಿಂದ ಬ್ರೆಡ್ ತರಿಸಿದೆ. ತಿಂದಳು, ಆದರೆ ಮೈಗೆ ಹತ್ತಲಿಲ್ಲ. ತೊಳೆದ ಹಾಸಿಗೆಯಲ್ಲಿ ಬೆಳಿಗ್ಗೆ ಭತ್ತದ ಹೊಟ್ಟು ಸಿಗುತ್ತಿತ್ತು. ಸಂಜೆಯಾದರೆ ಗೇಟಿನ ಬಳಿ ಹೋಗಿ, ಕೊಯ್ದ ಗದ್ದೆಗೆ ಮುಖಮಾಡಿ ನಿಲ್ಲುವಳು. ಯಾರೂ ಕರೆಯದಿದ್ದರೂ ಆಗಾಗ, "ದಲೆಮ್... ದಲೆಮ್," ಎನ್ನುವಳು. ಅದನ್ನು ಬಿಟ್ಟು ಬೇರೆ ಮಾತಿಲ್ಲ. ಕಣದಲ್ಲಿ ನಮ್ಮ ಭತ್ತ ತೂರಿದರೆ ಮುಕ್ಕಾಲು ಜೊಳ್ಳು.

ಡಾಕ್ಟರು ಟಾನಿಕ್ ಬರೆದುಕೊಟ್ಟರು. ಹರ್ಯಾದಿ ಆ ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತಾ, "ಹೆಸ್ರು ಬದಲಾಯ್ಸೋಣ್ವಾ?" ಎಂದ.

"ನಮ್ಮಮ್ಮನ ಹೆಸ್ರು ಅದು."

"ಗೊತ್ತು. ನೀನೇ ಯೋಚ್ನೆ ಮಾಡು."

ಯೋಚನೆ ಮಾಡು ಎಂದರೆ ಏನರ್ಥ? ನಾನು ಬೇರೇನು ಮಾಡುತ್ತಿದ್ದೆ? ಅಮ್ಮ ಸತ್ತ ಮೇಲೆ ಅವಳ ಹೆಸರನ್ನು ಜೋರಾಗಿ ಕೂಗಲು ನನಗಿದ್ದ ಒಂದೇ ನೆಪ ಈ ಮಗು.

ಆವತ್ತು ಮಧ್ಯಾಹ್ನ ಬುಧೆ ಬಂದರು. ಟೀವಿ ಹಾಕಲಿಲ್ಲ. ಮಗಳ ಕಡೆ ನೋಡಲೂ ಇಲ್ಲ.

"ನಾನು ನಿಂತ್ಬಿಟ್ಟೆ ಕಣಮ್ಮಾ," ಎಂದರು. "ನಿಲ್ದೆ ಹೋಗಿದ್ರೆ ಅದು ಬರೀ ಮಗೂ ಸದ್ದಾಗಿರ್ತಿತ್ತು. ನಿಂತು ಕೇಳಿಸ್ಕೊಂಡೆ ನೋಡು, ಅದೇ ತಪ್ಪಾಯ್ತು. ಕರ್ದಿದ್ದಕ್ಕೆ ಇವಳು ಬಂದ್ಲು ಅಂತ ಲೆಕ್ಕ ಆಗೋಯ್ತು. ಗದ್ದೇಲಿರೋ ಅವಳು ಹೊರಗೇ ಉಳ್ಕೊಂಡ್ಲು."

"ಇಷ್ಟು ವರ್ಷ ಕರ್ದಿದೀರಲ್ಲ, ಯಾವತ್ತೂ ಹೀಗೆ ಯಾರೂ ಓಗೊಟ್ಟಿರ್ಲಿಲ್ವಾ?"

"ನಮ್ಮವ್ವ ಕರೀತಿದ್ಲು, ಅವಳು ಹೋದ್ಮೇಲೆ ನಾನು. ಓಗೊಡ್ತಾರೆ ಅಂತ ಯಾರಾದ್ರೂ ಕರೀತಾರೇನೇ? ಓಗೊಟ್ಟಿದ್ದು ಕೇಳಿ ನಂಗೆ ಅಲ್ಲೇ ಉಚ್ಚೆ ಬರೋ ಹಾಗಾಯ್ತು."

ಅತ್ತೆ ಬಾಯಿಗೆ ಅಂಗೈ ಒತ್ತಿಕೊಂಡು ನಕ್ಕರು. ನನಗೂ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು.

ಗದ್ದೆಯ ಮೂಲೆಯಲ್ಲಿ ಒಂದು ಹಿಡಿ ಪೈರನ್ನು ಕೊಯ್ಯದೆ ಉಳಿಸಿದ್ದೇನೆ, ಸಂಜೆ ಇನ್ನೊಮ್ಮೆ ಕರೆಯುತ್ತೇನೆ ಎಂದರು ಬುಧೆ. "ನಾನು ಅಲ್ಲಿಂದ ಅವಳ್ನ ಕರೀತೀನಿ. ನೀನು ಇಲ್ಲಿಂದ ಇವಳ್ನ ಕರಿ. ಬೇರೆ ಹೆಸ್ರಲ್ಲಿ. ಆ ಹೆಸ್ರು ಇವತ್ತಿಗೆ ಬಿಟ್ಬಿಡ್ಬೇಕು. ಮನಸ್ಸಲ್ಲೂ ಇಟ್ಕೋಬಾರ್ದು."

"ಇವಳು ನನ್ನ ಕಡೆ ತಿರುಗದೇ ಇದ್ರೆ?"

ಬುಧೆ ಎಲೆಯಡಿಕೆಯ ಚೀಲ ಕಟ್ಟಿಕೊಂಡು ಎದ್ದರು.

ಹೊಸ ಹೆಸರನ್ನು ಅತ್ತೆಯೇ ಹೇಳಿದರು, ಗಿನುಕ್. ಎಂದರೆ ಗುಂಡಮ್ಮ. ಕಡ್ಡಿಯಂತಾಗಿದ್ದ ಮಗುವಿಗೆ ಗುಂಡಮ್ಮ! ಓದಿದವರ ಮನೆಯಲ್ಲಿ ಬೆಕ್ಕಿಗೂ ಅಂಥ ಹೆಸರಿಡುವುದಿಲ್ಲ. ಹೆಸರು ಬದಲಿಸುವಾಗಿನ ವಾಡಿಕೆಯಂತೆ ಅಕ್ಕಿಯ ಗಂಜಿಯನ್ನು ಬೆಲ್ಲ ಹಾಕಿ ಕೆಂಪಗೆ, ಹಾಕದೆ ಬೆಳ್ಳಗೆ ಕಾಸಿ, ಅಕ್ಕಪಕ್ಕದ ಮನೆಗಳಿಗೆ ಹಂಚಿ ಬಂದೆವು. ಪ್ರತಿ ಬಾಗಿಲಲ್ಲೂ ಅತ್ತೆ, "ನಮ್ಮ ಗಿನುಕ್ ಹೆಸ್ರಲ್ಲಿ," ಎಂದರು. ಪ್ರತಿ ಮನೆಯವರೂ, ಆಹಾ ಗಿನುಕ್ ಎಂದರು, ಎಷ್ಟೋ ಕಾಲದ ಉಸಿರು ಬಿಟ್ಟಂತೆ.

ಸಂಜೆ ಮಗಳು ಎಂದಿನಂತೆ ಗೇಟಿನ ಬಳಿ ನಿಂತಳು. ನಾನು ಜಗಲಿಯ ಕಂಬ ಹಿಡಿದು ನಿಂತೆ. ಎತ್ತಿಕೊಳ್ಳಬೇಡ, ಅವಳಾಗಿಯೇ ಬರಬೇಕು ಎಂದು ಬುಧೆ ಹೇಳಿ ಹೋಗಿದ್ದರು. ಊರು ಸದ್ದಡಗಿತ್ತು. ಕೋಳಿಗಳೂ ಒಳಗೆ ಸೇರಿದ್ದವು.

"ಶ್ರೀ... ಮನೆಗೆ ಬನ್ನಿ ತಾಯಿ."

ನಾನು ಕೂಗಬೇಕಿತ್ತು. ನಮ್ಮಮ್ಮನನ್ನು ಯಾರೋ ಕರೆಯುತ್ತಿದ್ದರು, ಆಸ್ಪತ್ರೆಯಲ್ಲಿ ನಾನು ಕರೆದು ಕರೆದು ಸೋತ ಅದೇ ಹೆಸರು. ಕೂಳೆಯ ನಡುವೆ, ಉಳಿಸಿದ್ದ ಆ ಹಿಡಿ ಪೈರಿನ ಪಕ್ಕದಲ್ಲಿ, ಬುಧೆಯಲ್ಲದ ಇನ್ನೊಬ್ಬರು ಬಾಗಿ ನಿಂತಿದ್ದಂತೆ ಕಂಡಿತು. ಅವರು ಮುಖ ಎತ್ತುತ್ತಾರೆ, ನೋಡೋಣ, ಒಮ್ಮೆ ನೋಡೋಣ ಎಂದು ನನ್ನ ಕಣ್ಣು ಅಲ್ಲೇ ನೆಟ್ಟುಹೋಯಿತು. ಗೇಟಿನ ಚಿಲಕ ಸದ್ದಾಯಿತು. ಮಗಳು ಅದನ್ನು ತೆಗೆದಿದ್ದಳು. ಕಾಲು ಜೋಡಿಸಿ, ತಲೆ ಬಾಗಿಸಿ, ಬಾಯಿ ತೆರೆಯುತ್ತಿದ್ದಳು.

"ಗಿನುಕ್!" ಎಂದು ಅರಚಿದೆ. ಮೀನು ಮಾರುವವಳ ಗಂಟಲು ಅದು, ನನ್ನದಲ್ಲ. "ಏ ಗಿನುಕ್! ಗಿನೂಕ್! ಬಾರೇ ಇಲ್ಲಿ!"

ಮಗಳ ಬಾಯಿ ಹಾಗೇ ತೆರೆದಿತ್ತು. ಗದ್ದೆಯತ್ತ ಒಮ್ಮೆ ನೋಡಿದಳು. ಮೆಲ್ಲಗೆ ನನ್ನ ಕಡೆ ತಿರುಗಿ, ಹುಬ್ಬು ಗಂಟಿಕ್ಕಿ, ಒರಟಾಗಿ ಕೇಳಿದಳು:

"ಏನು?"

ದೊಡ್ಡವರಿಗೆ ಹಾಗೆ ಓಗೊಟ್ಟರೆ ಜಾವಾದ ಯಾವ ತಾಯಿಯೂ ಸುಮ್ಮನಿರುವುದಿಲ್ಲ, ತೊಡೆ ಚಿವುಟುತ್ತಾಳೆ. ನಾನು ಅಂಗಳಕ್ಕಿಳಿದು ಎರಡೂ ತೋಳು ಚಾಚಿ ಕೂತೆ. ಅವಳು ಧೂಳು ಎಬ್ಬಿಸುತ್ತಾ ಬಂದು ನನ್ನ ಕುತ್ತಿಗೆಗೆ ಬಿದ್ದಳು. ಅವಳ ತಲೆಯಲ್ಲಿ ಬೆವರಿನ ವಾಸನೆ ಇತ್ತು, ಹುಳಿಹುಳಿ, ಎಲ್ಲ ಮಕ್ಕಳ ತಲೆಯಂತೆ.

ಅಷ್ಟರಲ್ಲಿ ಬುಧೆ ದಾರಿಗೆ ಬಂದಿದ್ದರು. ನಾನು ಮಗಳ ಬಾಯಿಗೆ ಅಂಗೈ ಮುಚ್ಚಿ ಹಿಡಿದೆ. ಅವರು ನಮ್ಮ ಕಡೆ ನೋಡದೆ, ನಿಲ್ಲದೆ ಹೋದರು. ಹೆಗಲ ಬಟ್ಟೆ ಈ ಸಲ ಜಗ್ಗಿ ಇಳಿದಿತ್ತು. ಒದ್ದಾಡುವ ಮಗುವಿಗೆ ಆಸರೆ ಕೊಡುವಂತೆ ಕೆಳಗೆ ಒಂದು ಕೈ ಹಿಡಿದಿದ್ದರು, ಹೆಜ್ಜೆ ಒಂದು ಪಕ್ಕಕ್ಕೆ ವಾಲುತ್ತಿತ್ತು.

"ಗಿನುಕ್, ಅನ್ನ ಆರ್ತಿದೆ ನೋಡು," ಎಂದು ಅತ್ತೆ ಒಳಗಿನಿಂದ ಕರೆದರು. ಮಗಳು ನನ್ನ ಕೈ ಬಿಡಿಸಿಕೊಂಡು ಓಡಿದಳು. ಸ್ವಲ್ಪ ಹೊತ್ತಿಗೆ ತಟ್ಟೆಗೆ ಚಮಚ ಬಡಿಯುವ ಸದ್ದು ಕೇಳಿತು. ಇನ್ನೂ ಬೇಕು ಎಂದು ಬಡಿಯುತ್ತಿದ್ದಳು.

ನಾನು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಬಿದಿರಿನ ಆಚೆ ಕಣಜದ ಬಾಗಿಲು ಮುಚ್ಚಿಕೊಂಡು ಬುಧೆ ಕಸಿರಾ ಮಾತಾಡುತ್ತಿದ್ದರು, ಅದೇ ಅರಮನೆಯ ಭಾಷೆಯಲ್ಲಿ, ಮೆಲ್ಲಗೆ. ಒಂದು ಮಾತಾಡುವರು, ಆಮೇಲೆ ಸುಮ್ಮನಾಗುವರು. ಎದುರಿನವರು ಹೇಳಿ ಮುಗಿಸುವಷ್ಟು ಹೊತ್ತು ಸುಮ್ಮನಿದ್ದು, "ಹೌದಾ ತಾಯಿ?" ಎಂದು ಮತ್ತೆ ಕೇಳುವರು.