ನಾನು ‘ತಡಿ’ ಎಂದ ದಿನವೇ ಕೊಂಡ ರ‍್ಯಾಮ್

೧೯೯೪ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟರೂ ತಿಕೋಟಾದ ನಮ್ಮ ತೋಟದ ಒಣದ್ರಾಕ್ಷಿ ವ್ಯಾಪಾರದಲ್ಲಿ ನಾನು ದಡ್ಡನಲ್ಲ. ನಾನು ‘ತಡೀರಿ’ ಎಂದು ಮಾಲು ಹಿಡಿದಿಟ್ಟಾಗಲೆಲ್ಲ ದರ ಏರಿದೆ.

ಡಿಪ್ಲೊಮಾ ಓದುವ ಮಗಳು ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ರ‍್ಯಾಮ್ ಕೊಳ್ಳಲು ಹೊರಟಾಗಲೂ, “ತಡಿಬೇ, ರೇಟ್ ಇಳೀಲಿ” ಎಂದೆ. ನಾಲ್ಕು ತಿಂಗಳ ಮೇಲೆ ಇಬ್ಬರೂ ವಿಜಯಪುರದ ಅಂಗಡಿಗೆ ಹೋದರೆ ರ‍್ಯಾಮಿನ ದರ ದುಪ್ಪಟ್ಟಾಗಿತ್ತು. ನನ್ನ ಮುಖ ಸಪ್ಪಗಾಯಿತು.

ಮಗಳು ಚೀಲದಿಂದ ಹೊಸ ರ‍್ಯಾಮ್ ತೆಗೆದು ತೋರಿಸಿದಳು. “ಅಪ್ಪಾ, ನೀ ತಡಿ ಅಂದ್ರ ರೇಟ್ ಏರೂದು ಪಕ್ಕಾ ಅಲ್ಲೇನು? ಅವತ್ತ ಸಂಜೀಕನ ಸ್ಕಾಲರ್‌ಶಿಪ್ ರೊಕ್ಕದಾಗ ತಗೊಂಡೇನಿ.”

ಅಂಗಡಿಯವನು ನಗು ತಡೆದುಕೊಂಡು, “ಕಾಕಾ, ಉಳಿದ ಸಾಮಾನಿಗೆ ಏನಂತೀರಿ, ತಡೀಬೇಕೋ?” ಎಂದು ಕೇಳಿದ. ನಾನು ಜೇಬಿನಿಂದ ರೊಕ್ಕ ತೆಗೆದೆ. ಎಲ್ಲವನ್ನೂ ಅಂದೇ ಕೊಂಡೆವು.

ಈಗ ನನಗೆ ಮೂರು ಎಕರೆ ದ್ರಾಕ್ಷಿತೋಟವಿದೆ, ಒಂದು ಕಂಪ್ಯೂಟರ್ ಇದೆ, ನನಗಿಂತ ಶಾಣ್ಯಾ ಮಗಳೊಬ್ಬಳಿದ್ದಾಳೆ.