ಮೇಷ್ಟ್ರ ಎಡಗಿವಿ

ಹೋದ ವಾರ ತಮ್ಮನ ಮೊಮ್ಮಗಳು ಪಿಟೀಲಿನ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ಕಮಾನಿಗೆ ರಾಳ ಉಜ್ಜತೊಡಗಿದಳು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ರಾಜಾಜಿನಗರದ ಎರಡು ಕೋಣೆಯ ಮನೆಯೊಂದು ಕಣ್ಣ ಮುಂದೆ ಬಂತು. ಅಡುಗೆಮನೆಯ ಒಗ್ಗರಣೆಯ ಜೊತೆ ಸದಾ ರಾಳದ ವಾಸನೆ ಇರುತ್ತಿದ್ದ ಮನೆ...

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ಹಿಂದಿನ ಬೀದಿಯಲ್ಲಿದ್ದ ಅವರನ್ನು ಎಲ್ಲರೂ ಪಿಟೀಲು ಮೇಷ್ಟ್ರು ಎನ್ನುತ್ತಿದ್ದರು. ಅಪ್ಪ ನನ್ನನ್ನು ಪಾಠಕ್ಕೆ ಸೇರಿಸಿದ್ದು ಕೀರ್ತನೆ ಕಲಿಯಲಿ ಎಂದು. ಹೋಗಿ ನೋಡಿದರೆ ಮೇಷ್ಟ್ರು ನಿಂತುಕೊಂಡು, ಪಿಟೀಲನ್ನು ಗಲ್ಲಕ್ಕೆ ಒತ್ತಿ, ಇಂಗ್ಲಿಷ್ ಸಂಗೀತ ನುಡಿಸುತ್ತಿದ್ದರು. ಅಪ್ಪನಿಗೆ ಬೇಸರವಾಯಿತು. ನನಗೆ ಅದೇ ಹಿಡಿಸಿತು.

ಹುಡುಗರಾಗಿದ್ದಾಗ ಅವರು ಅರಮನೆಯ ವಾದ್ಯವೃಂದದಲ್ಲಿದ್ದರು. ಅದು ಮುಚ್ಚಿದ ಮೇಲೆ ಕಂಟೋನ್ಮೆಂಟಿನ ಹೋಟೆಲುಗಳಲ್ಲಿ ಬಿಳಿ ದೊರೆಗಳ ಕುಣಿತಕ್ಕೆ ನುಡಿಸಿದರು. ಆಮೇಲೆ ಕೆಲವು ವರ್ಷ ಸರ್ಕಸ್ಸು. ಆನೆ ಬಂದಾಗ ಒಂದು ಮಟ್ಟು, ಹುಡುಗಿ ತಂತಿಯ ಮೇಲೆ ನಡೆಯುವಾಗ ಇನ್ನೊಂದು. ಅಲ್ಲಿ ಅವರ ಎಡಕ್ಕೆ ಕೂರುತ್ತಿದ್ದವರು ತುತ್ತೂರಿಯವರು. ಕೊನೆಗೆ ಮದರಾಸಿನ ಸಿನಿಮಾ ಹಾಡುಗಳ ರೆಕಾರ್ಡಿಂಗು. ಕರೆ ಬಂದಾಗ ರೈಲು ಹತ್ತುವುದು, ಉಳಿದ ದಿನ ನಮಗೆ ಪಾಠ. ಅರಮನೆಯನ್ನೂ ಸರ್ಕಸ್ಸನ್ನೂ ಅವರು ಒಂದೇ ದನಿಯಲ್ಲಿ ನೆನೆಯುತ್ತಿದ್ದರು.

ನಾನು ಪಾಠಕ್ಕೆ ಹೋಗತೊಡಗಿ ಎರಡು ವರ್ಷವಾಗಿರಬೇಕು, ಅವರ ಬೈಗುಳ ಹೆಚ್ಚಾಯಿತು. ಶ್ರುತಿ ತಪ್ಪುತ್ತಿದೆ ಎಂದು ಮತ್ತೆ ಮತ್ತೆ ನಿಲ್ಲಿಸುವರು. ತಾವೇ ಬಿರಡೆ ತಿರುಗಿಸಿ ಕೊಟ್ಟರೆ ಅದು ನನ್ನ ಕಿವಿಗೆ ಅಪಸ್ವರವಾಗಿ ಕೇಳುತ್ತಿತ್ತು. ಹೇಳುವ ಧೈರ್ಯ ಯಾರಿಗೆ? ಒಂದು ಸಂಜೆ ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದರು. ಆಕೆ ಚಿಕ್ಕಂದಿನಲ್ಲಿ ಹಾಡು ಕಲಿತವರು.

"ರೀ, ಅವಳದ್ದು ಸರಿಯಾಗೇ ಇದೆ," ಎಂದರು. "ತಪ್ತಾ ಇರೋದು ನಿಮಗೆ."

ಮೇಷ್ಟ್ರು ಸಿಟ್ಟಾಗಲಿಲ್ಲ. ಒಂದೇ ಸ್ವರ ಎಳೆಯಲು ನನಗೆ ಹೇಳಿ, ಎಡಗಿವಿ ಮುಚ್ಚಿ ಕೇಳಿದರು. ಆಮೇಲೆ ಬಲಗಿವಿ ಮುಚ್ಚಿ ಕೇಳಿದರು. ಮತ್ತೆ ಎಳೆಯಲು ಹೇಳಿದರು. ಒಂದೊಂದು ಕಿವಿಗೆ ಒಂದೊಂದು ಸ್ವರ ಕೇಳುತ್ತಿತ್ತು. ಅವರ ಮುಖ ಬಿಳುಚಿಕೊಂಡಿದ್ದು ನೋಡಿ ನಾನು ಕಮಾನು ಕೆಳಗಿಟ್ಟೆ. ಸರ್ಕಸ್ಸಿನ ತುತ್ತೂರಿಯ ಸದ್ದು ಬಡಿದೂ ಬಡಿದೂ ಎಡಗಿವಿಯ ನರ ಕೆಟ್ಟಿದೆ, ಇದಕ್ಕೆ ಔಷಧವಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಆದರೂ ಮದರಾಸಿಗೆ ಹೋದರು. ತಿರುಗಿ ಬಂದ ದಿನ ಅವರು ಹೆಂಡತಿಗೆ ಹೇಳುತ್ತಿದ್ದುದನ್ನು ನಾನೂ ಕೇಳಿದೆ. ರಿಹರ್ಸಲಿನಲ್ಲಿ ಸಂಗೀತ ನಿರ್ದೇಶಕರು ಇವರೊಬ್ಬರನ್ನೇ ಪಕ್ಕಕ್ಕೆ ಕರೆದು, ನೀವು ಕೈಯಾಡಿಸಿದರೆ ಸಾಕು, ಕಮಾನು ತಂತಿಗೆ ತಾಗುವುದು ಬೇಡ ಎಂದಿದ್ದರು. ಇಡೀ ದಿನ ಇವರು ಹಾಗೆಯೇ ಕೈಯಾಡಿಸಿದ್ದರು.

"ಮರ್ಯಾದೆಯಾಗೇ ಹೇಳಿದ್ರು, ಪಾಪ," ಎಂದರು ಮೇಷ್ಟ್ರು.

ಆಮೇಲೆ ರೈಲು ಹತ್ತಲಿಲ್ಲ. ಶಿಷ್ಯರನ್ನೂ ಒಬ್ಬೊಬ್ಬರಾಗಿ ಬಿಡಿಸಿದರು. ನನ್ನ ಸರದಿ ಬಂದಾಗ, "ಇನ್ನು ನಾನು ಕಲಿಸಿದ್ರೆ ನಿನ್ನ ಕೈ ಕೆಡತ್ತಮ್ಮ," ಎಂದಷ್ಟೇ ಹೇಳಿದರು. ಇಂಡಸ್ಟ್ರಿಯಲ್ ಟೌನಿನ ಲೇತ್ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆ ಗದ್ದಲದಲ್ಲಿ ಇನ್ನೊಂದು ಕಿವಿಯೂ ಹೋಗುತ್ತದೆ ಎಂದು ಹೆಂಡತಿ ಅತ್ತು ತಡೆಯಲು ನೋಡಿದರು. ಅಲ್ಲಿ ಶ್ರುತಿ ಕೇಳುವವರು ಯಾರೂ ಇಲ್ಲವಲ್ಲ, ಅದೇ ನೆಮ್ಮದಿ ಎಂದು ಮೇಷ್ಟ್ರು ಕೆಲಸಕ್ಕೆ ಹೋದರಂತೆ. ಬಲಗಿವಿಯೂ ಹೋಯಿತು.

ಕೆಲವು ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದರು. ಲಿವರ್ ಕೆಟ್ಟಿತ್ತು. ಒಂದು ಮಧ್ಯಾಹ್ನ ಅವರ ಹೆಂಡತಿ ಬಂದು, ಪಿಟೀಲು ತಗೊಂಡು ಬಾ, ಕರೀತಿದಾರೆ ಎಂದರು. ಹೋದೆ. ಮೇಷ್ಟ್ರ ಕಣ್ಣು ಹಳದಿಯಾಗಿತ್ತು. ಅವರೇ ಮೊದಲು ಕಲಿಸಿದ್ದ ಪುಟ್ಟ ಮಟ್ಟೊಂದನ್ನು ಶುರುಮಾಡಿದೆ. ಅವರ ನೋಟ ನನ್ನ ಎಡಗೈ ಮೇಲೇ ಇತ್ತು. ನಡುವೆ ಕೈಯೆತ್ತಿದರು. ತಪ್ಪಿತೇನೋ ಎಂದು ನಿಲ್ಲಿಸಿದೆ.

"ನನಗೆ ಕೇಳಿಸ್ತಿರೋದು ಬರೀ ಕಿರುಚಾಟ ಕಣಮ್ಮ. ಆದ್ರೆ ನಿನ್ನ ಬೆರಳು ಸರಿಯಾದ ಜಾಗದಲ್ಲೇ ಬೀಳ್ತಿದೆ. ನುಡಿಸು... ನಾನು ನೋಡ್ತೀನಿ."

ನುಡಿಸಿದೆ. ಮುಗಿಯುವವರೆಗೂ ಅವರು ನೋಡಿದರು. ಅವರ ಹೆಂಡತಿ ಗೋಡೆಗೆ ಮುಖ ತಿರುಗಿಸಿ ನಿಂತಿದ್ದರು. ಅದೇ ವಾರ ಮೇಷ್ಟ್ರು ತೀರಿಕೊಂಡರು.

ಅವರ ಹೆಂಡತಿ ಕೆಂಗೇರಿಯಲ್ಲಿದ್ದ ತನ್ನ ತಮ್ಮನ ಮನೆ ಸೇರಿ, ಅಲ್ಲೇ ತೀರಿಕೊಂಡರು. ಬೀದಿಯಲ್ಲಿ ಅವರನ್ನು ಬಲ್ಲವರು ಈಗ ಯಾರೂ ಇಲ್ಲ. ರೇಡಿಯೋದಲ್ಲಿ ಆ ಕಾಲದ ಹಾಡು ಬಂದರೆ ನಾನು ಕೆಲಸ ಬಿಟ್ಟು ಕೂರುತ್ತೇನೆ. ಹಾಡುವವರ ಹಿಂದೆ ಪಿಟೀಲುಗಳ ಗುಂಪು ಒಮ್ಮೆಲೇ ಏಳುತ್ತದೆ, ಇಳಿಯುತ್ತದೆ. ಅದರಲ್ಲಿ ಎಲ್ಲೋ ಒಂದು ಅವರದು. ಅವರ ಹೆಂಡತಿ ಇದ್ದಿದ್ದರೆ ಗುರುತು ಹಿಡಿಯುತ್ತಿದ್ದರೇನೋ. ನನ್ನಿಂದ ಆಗುತ್ತಿಲ್ಲ.