ಎರಡೂ ಬಾಗಿಲು ಹಾಕುವ ಬಟನ್

ಲಗಮಪ್ಪ ಹೇಡಿ. ಬೈಲಹೊಂಗಲದಲ್ಲಿ ಮೂವತ್ತು ವರ್ಷದಿಂದ ಮನೆಗಳಿಗೆ ವೈರ್ ಹಾಕುತ್ತಿರುವ ಈ ಮನುಷ್ಯನ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಅದನ್ನು ಅವನ ಎದುರಿಗೇ ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಅವನು ತಲೆ ತಗ್ಗಿಸಿ, “ಹೌದ್ರಿ ಅಕ್ಕಾರ” ಎಂದು ತನ್ನ ಕೆಲಸ ಮುಂದುವರಿಸಿದ.

ಊರಿನವರೂ ಅವನನ್ನು ಪುಕ್ಕಲ ಎನ್ನುತ್ತಾರೆ, ಆದರೆ ಬೇರೆ ಕಾರಣಕ್ಕೆ. ಬಲ್ಬ್ ಬದಲಿಸುವಾಗಲೂ ಅವನು ಇಡೀ ಮನೆಯ ಕರೆಂಟು ಕಡಿಯುವ ಮೇನ್ ತೆಗೆಯುತ್ತಾನೆ. ತೆಗೆದ ಮೇಲೂ ಟೆಸ್ಟರ್ ಹಚ್ಚಿ ನೋಡುತ್ತಾನೆ. ಆ ಟೆಸ್ಟರ್ ಸರಿಯಿದೆಯೇ ಎಂದು ಮೊದಲೇ ಇನ್ನೊಂದು ಕಡೆ ಪರೀಕ್ಷಿಸಿರುತ್ತಾನೆ. ಚಹಾದ ಅಂಗಡಿಯ ಸುಭಾಸ ಅವನನ್ನು ಕಂಡಾಗಲೆಲ್ಲ ಕೂಗುತ್ತಾನೆ: “ಏ ಲಗಮಪ್ಪಾ, ಹೆಂಡ್ತಿ ಕೂಡ ಮಾತಾಡೂ ಮುಂದೂ ಮೇನ್ ತಗೀತಿಯೇನ?”

“ಅಕಿ ಮೇನ್ ನನ್ನ ಕೈಯಾಗ ಎಲ್ಲೈತೋ ಮಾರಾಯ,” ಎನ್ನುತ್ತಾನೆ ಲಗಮಪ್ಪ.

ಗೀಸರಿಗಾಗಲಿ ನೀರಿನ ಮೋಟಾರಿಗಾಗಲಿ ಅವನು ಡಬಲ್ ಪೋಲ್ ಸ್ವಿಚ್ಚನ್ನಲ್ಲದೆ ಬೇರೆ ಹಾಕುವುದಿಲ್ಲ. ಸಾದಾ ಬಟನ್ ಸಾಕು ಎಂದವರ ಮನೆಯಿಂದ ಚೀಲ ಎತ್ತಿಕೊಂಡು ಹೊರಡುತ್ತಾನೆ. ಯಾಕೆ ಎಂದು ಕೇಳಿದರೆ ಅವನ ಉತ್ತರ ಎಲ್ಲರಿಗೂ ಒಂದೇ. “ಕರೆಂಟ್ ಓಡಾಡಾಕ ಎರಡ ವೈರ್ ಇರತಾವ್ರಿ. ಸಾದಾ ಬಟನ್ ಅಂದ್ರ ಮುಂಚೀ ಬಾಗಲಾ ಅಷ್ಟ ಹಾಕಿದಂಗ, ಹಿತ್ತಲ ಬಾಗಲಾ ತೆರದ ಇರತೈತಿ. ಇದು ಎರಡೂ ಒಮ್ಮಿಗೇ ಹಾಕತೈತಿ.”

ನಾನು ಇಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಇದಕ್ಕಿಂತ ಚೆನ್ನಾಗಿ ನಾನೂ ಹೇಳಿಕೊಟ್ಟಿಲ್ಲ. ಆದರೆ ಈ ಬುದ್ಧಿ ಅವನಿಗೆ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಮೆಚ್ಚುವ ಮನಸ್ಸಾಗಲಿಲ್ಲ.

ಹನ್ನೆರಡು ವರ್ಷದ ಹಿಂದಿನ ಮಾತು. ನನ್ನ ಪಕ್ಕದ ಮನೆ ಇಂದ್ರವ್ವನದು. ಮಗ ಕಿತ್ತೂರಿನ ಹೆದ್ದಾರಿ ಬದಿಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿದ್ದ. ಸೊಸೆ ಮಹಾನಂದಾ, ಎಂಟು ವರ್ಷದ ಮೊಮ್ಮಗಳು ಶಿವಾನಿ. ಆ ಮನೆಯ ಬಚ್ಚಲಿಗೆ ಗೀಸರ್ ಕೂರಿಸಿ ಸಾದಾ ಬಟನ್ ಹಾಕಿದವನು ಲಗಮಪ್ಪನೇ. ಅದೇನೂ ಅಪರಾಧವಲ್ಲ, ಆಗ ಎಲ್ಲರೂ ಹಾಗೆಯೇ ಹಾಕುತ್ತಿದ್ದರು. ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರ್ ಮಿತಿಮೀರಿ ಕಬ್ಬು ಹೇರಿಕೊಂಡು ಓಣಿಯೊಳಗೆ ಬಂದು, ಕಂಬದಿಂದ ಅವರ ಮನೆಗೆ ಬರುವ ವೈರನ್ನು ಹರಿದುಕೊಂಡು ಹೋಯಿತು. ಲೈನ್‌ಮನ್ ಬರುವವರೆಗೆ ಕಾಯಲು ಇಂದ್ರವ್ವನಿಗೆ ತಾಳ್ಮೆಯಿರಲಿಲ್ಲ. ಲಗಮಪ್ಪ ಏಣಿ ಹಾಕಿ ಹರಿದ ಎರಡು ವೈರುಗಳನ್ನು ಕೂಡಿಸಿದ. ಕೂಡಿಸುವಾಗ ಅದಲುಬದಲು ಮಾಡಿದ.

ಅದಲುಬದಲಾದರೆ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಟಿವಿ ಹಾಡುತ್ತದೆ. ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಕರೆಂಟು ಬರುವ ವೈರನ್ನು ಕಡಿಯಬೇಕಾದ ಬಟನ್ ಈಗ ವಾಪಸು ಹೋಗುವ ವೈರನ್ನು ಕಡಿಯುತ್ತದೆ. ಬಟನ್ ಬಂದ್ ಮಾಡಿದರೂ ಗೀಸರಿನೊಳಗೆ ನೀರು ಕಾಯಿಸುವ ಕಾಯಿಲ್‌ಗೆ ಕರೆಂಟು ಬಂದು ನಿಂತೇ ಇರುತ್ತದೆ. ಆ ಕಾಯಿಲ್ ಬಿರುಕು ಬಿಟ್ಟು ಕರೆಂಟು ಗೀಸರಿನ ಮೈಗೂ ಹರಿದಿತ್ತು. ಅರ್ಥಿಂಗಿನ ಸಲಾಕೆ ಹಿತ್ತಲಿನ ಒಣ ಮಣ್ಣಿನಲ್ಲಿ ಹೆಸರಿಗಷ್ಟೇ ನಿಂತಿತ್ತು. ಒಂದು ಮುಂಜಾನೆ ಮಹಾನಂದಾ ಒದ್ದೆ ನೆಲದ ಮೇಲೆ ನಿಂತು ಗೀಸರ್ ಒರೆಸಲು ಹೋದಳು. ಇಂದ್ರವ್ವನ ಕೂಗಿಗೆ ಎದುರು ಮನೆಯಿಂದ ಮೊದಲು ಓಡಿ ಬಂದು ಮೇನ್ ತೆಗೆದವನು ಲಗಮಪ್ಪ. ಬಚ್ಚಲಿನ ಬಟನ್ ಹೇಗಿತ್ತು ಎಂದು ನೋಡಿದವನು ಅವನೊಬ್ಬನೇ.

“ಬಟನ್ ಚಾಲೂ ಇತ್ತು,” ಎಂದ.

ಪಂಚನಾಮೆ ಬರೆದವರು ಅದನ್ನೇ ಬರೆದುಕೊಂಡರು. ಬಟನ್ ಬಂದ್ ಮಾಡದೆ ಒರೆಸಲು ಹೋಗಿ ಸತ್ತಳು ಎಂದಾಯಿತು.

ಮೂರನೆಯ ದಿನ ಮಾತಾಡಿಸಲು ಹೋದಾಗ, ಆ ಸೂತಕದ ಮನೆಯ ಬಚ್ಚಲಲ್ಲಿ ಹೊಚ್ಚ ಹೊಸ ಡಬಲ್ ಪೋಲ್ ಸ್ವಿಚ್ ಕಂಡೆ. ನನ್ನ ಮನೆಯಿಂದ ಟೆಸ್ಟರ್ ತಂದು ಪಡಸಾಲೆಯ ಸಾಕೆಟ್ಟಿಗೆ ಹಚ್ಚಿದೆ. ಬಲಗಡೆಯ ತೂತಿನಲ್ಲಿ ಹೊತ್ತಬೇಕಾದ ಬೆಳಕು ಎಡಗಡೆ ಹೊತ್ತಿತು. ನೇರವಾಗಿ ಲಗಮಪ್ಪನ ಮನೆಗೆ ಹೋದೆ.

“ಹಳೇ ಬಟನ್ ಎಲ್ಲೈತಿ?”

“ಒಗದ್ನಿರಿ.”

“ವೈರ್ ಅದಲಾಬದಲಿ ಮಾಡಿದಾಂವ ನೀನ. ಅಕಿ ಬಂದ್ ಮಾಡಿದ್ಲೋ ಇಲ್ಲೋ, ಖರೇ ಹೇಳು.”

“ಅಕ್ಕಾರ, ನನಗ ಎರಡ ಮಕ್ಕಳ ಅದಾವ್ರಿ,” ಎಂದ.

“ಅಕಿಗೂ ಒಂದೈತಿ,” ಎಂದೆ. ಹೇಡಿ ಎಂದು ಮೊದಲ ಸಲ ಅಂದದ್ದು ಆಗ. ಮರುದಿನವೇ ಅವನು ಕಂಬ ಹತ್ತಿ ವೈರ್ ಸರಿಮಾಡಿದ. ನನ್ನ ಕೈಯಲ್ಲಿ ಇದ್ದ ಒಂದೇ ಸಾಕ್ಷಿಯೂ ಹೋಯಿತು.

ಇಂದ್ರವ್ವನಿಗೆ ಹೇಳದೆ ಬಿಡಲಿಲ್ಲ. ಅವಳು ಕೇಳಿಸಿಕೊಂಡು, “ಅಕ್ಕಾರ, ನೀವು ಪುಸ್ತಕ ನೋಡಿ ಹೇಳತೀರಿ. ಅಂವ ಕಣ್ಣೀಲೆ ನೋಡಿದಾಂವ. ನನ್ನ ಸೊಸಿ ಧ್ಯಾಸಗೇಡಿ ಅನ್ನೂದು ನನಗ ಗೊತ್ತಿಲ್ಲೇನ?” ಎಂದಳು. ಹಾಲು ಉಕ್ಕಿಸಿದ್ದು, ಕೀಲಿ ಮರೆತದ್ದು, ಎಲ್ಲವನ್ನೂ ಲೆಕ್ಕ ಹಾಕಿ ಹೇಳಿದಳು. ಸತ್ತವಳ ಮೇಲೆ ತಪ್ಪು ಹೊರಿಸಿದರೆ ಬದುಕಿದವರಿಗೆ ಹಗುರ.

ಶಿವಾನಿ ಆ ಒಂದು ಶಬ್ದದ ನೆರಳಿನಲ್ಲೇ ಬೆಳೆದಳು. ಗ್ಲಾಸು ಬಿದ್ದರೆ ಧ್ಯಾಸಗೇಡಿ. ಪರೀಕ್ಷೆಯಲ್ಲಿ ಒಂದು ಅಂಕ ಹೋದರೆ, ತಾಯಿಯಂಥ ಧ್ಯಾಸಗೇಡಿ. ಹುಡುಗಿ ದೀಪ ಆರಿಸಿ ಮೂರು ಸಲ ತಿರುಗಿ ನೋಡುವುದನ್ನು ಕಲಿತಳು. ಕಾಲೇಜಿಗೆ ಹೊರಟವಳು ಓಣಿಯ ಮೂಲೆಯಿಂದ ವಾಪಸು ಬಂದು ಒಲೆ ಮುಟ್ಟಿ ನೋಡಿ ಹೋಗುತ್ತಿದ್ದಳು. ನಾನು ತಿಳಿಸಿ ಹೇಳಿದೆ. “ನೀವು ಹೇಳತೀರಿ ಅಜ್ಜಿ, ಆದ್ರ ನೀವು ನೋಡಿಲ್ಲಲ್ಲ,” ಎಂದಳು.

ಇದನ್ನೆಲ್ಲ ಲಗಮಪ್ಪ ಎದುರು ಮನೆಯ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದ. ಅವನ ಮಕ್ಕಳು ದೊಡ್ಡವರಾದರು, ಕೆಲಸಕ್ಕೆ ಹತ್ತಿದರು, ಮದುವೆಯೂ ಆಯಿತು. ಇನ್ನು ಯಾರ ನೆಪ ಎಂದು ಕೇಳಿ ಎರಡನೆಯ ಸಲ ಹೇಡಿ ಎಂದೆ. ಊರ ತುಂಬ ಡಬಲ್ ಪೋಲ್ ಹಾಕುತ್ತ ತಿರುಗಿದರೆ ಒಂದು ಸುಳ್ಳು ಅಳಿಯುತ್ತದೆಯೇ?

ಹೋದ ತಿಂಗಳು ಇಂದ್ರವ್ವನ ಮನೆಯ ಗೀಸರ್ ಸೋರಿತು. ಹೊಸದನ್ನು ಕೂರಿಸಲು ಲಗಮಪ್ಪನೇ ಬಂದ. ಶಿವಾನಿ, “ಅಜ್ಜಿ, ನೀವೂ ಬಂದು ನೋಡ್ರಿ,” ಎಂದಳು. ಹೋಗಿ ಬಚ್ಚಲ ಬಾಗಿಲಲ್ಲಿ ನಿಂತೆ. ಅವನು ಅರ್ಥಿಂಗಿಗೆ ನೀರು ಹಾಕಿಸಿ ಅಳೆದ. ಸ್ವಿಚ್ ಹಾಕಿ, ಬಂದ್ ಮಾಡಿ, ಎರಡೂ ತುದಿಗೆ ಟೆಸ್ಟರ್ ಹಚ್ಚಿ ತೋರಿಸಿದ. ಶಿವಾನಿ ತಾನೂ ಬಟನ್ ಒತ್ತಿದಳು, ತೆಗೆದಳು, ಮತ್ತೆ ಒತ್ತಿದಳು.

“ಕಾಕಾ, ಬಂದ್ ಆಗೈತಿ ಅಂತ ಹೆಂಗ ನಂಬೂದು?”

ಒಳಗಿನಿಂದ ಇಂದ್ರವ್ವ ಕೂಗಿದಳು: “ನೀ ಮೊದಲ ಬಂದ್ ಮಾಡೂದ ಕಲಿ! ನಿಮ್ಮವ್ವಗ ಅಷ್ಟ ಧ್ಯಾಸ ಇದ್ದಿದ್ರ ಇವತ್ತ ಇರತಿದ್ಲು.”

ನಾನು ಲಗಮಪ್ಪನನ್ನು ನೋಡಿದೆ. ಈಗ ಚೀಲ ಎತ್ತಿಕೊಳ್ಳುತ್ತಾನೆ ಎಂದುಕೊಂಡೆ. ಎತ್ತಿಕೊಂಡ. ಆದರೆ ಹೆಗಲಿಗೆ ಹಾಕಲಿಲ್ಲ. ಅದರ ತಳದವರೆಗೆ ಕೈ ಹಾಕಿ ತಡಕಾಡಿ, ಕಪ್ಪು ಟೇಪು ಸುತ್ತಿದ ಒಂದು ಚಿಕ್ಕ ವಸ್ತು ತೆಗೆದ. ಟೇಪು ಅಂಟು ಬಿಟ್ಟು ಜಿಗಿಜಿಗಿ ಆಗಿತ್ತು. ಉಗುರಿನಿಂದ ಬಿಡಿಸಿದ. ಹಳದಿಗಟ್ಟಿದ ಒಂದು ಸಾದಾ ಬಟನ್. ಅದರ ಗುಂಡಿ ಅಲ್ಲಾಡದಂತೆ ಅಡ್ಡಲಾಗಿ ಇನ್ನೊಂದು ಟೇಪು ಹಚ್ಚಿತ್ತು. ಗುಂಡಿ ಮೇಲಕ್ಕಿತ್ತು. ನಮ್ಮಲ್ಲಿ ಮೇಲಕ್ಕಿದ್ದರೆ ಬಂದ್.

ಅದನ್ನು ಶಿವಾನಿಯ ಅಂಗೈಯಲ್ಲಿಟ್ಟ.

“ನಾ ಬಂದಾಗ ಹಿಂಗ ಇತ್ತವ್ವ.”

ಇಂದ್ರವ್ವ ಕೈ ಒರೆಸಿಕೊಳ್ಳುತ್ತ ಬಂದಳು. “ಏನದು? ಹಿಂಗ ಅಂದ್ರ?”

“ಬಂದ್ ಇತ್ರಿ, ಆಯಿ. ಅಕಿ ಬಂದ್ ಮಾಡಿದ್ಲು. ವೈರ್ ಅದಲಾಬದಲಿ ಮಾಡಿದಾಂವ ನಾ.”

ಶಿವಾನಿ ಆ ಗುಂಡಿಯನ್ನು ಒಮ್ಮೆಯೂ ಒತ್ತಿ ನೋಡಲಿಲ್ಲ. ಬೆರಳು ಮಡಚಿ ಹಿಡಿದು ನಿಂತಿದ್ದಳು. ಲಗಮಪ್ಪನ ಚಪ್ಪಲಿ ಹೊರಬಾಗಿಲಲ್ಲಿದ್ದವು, ದಾರಿಗೆ ಅಡ್ಡವಾಗಿ ಯಾರೂ ಇರಲಿಲ್ಲ. ಅವನು ಚೀಲವನ್ನು ಗೋಡೆಗೆ ಆನಿಸಿಟ್ಟು, ಬಚ್ಚಲ ಹೊಸ್ತಿಲ ಒಳಗೆ, ಆ ಒದ್ದೆ ನೆಲದ ಮೇಲೆಯೇ ಕುಳಿತ.